ಇಂದಿನ ಧಮ್ಮ ಚಿಂತನೆ: ಮೊದಲು ಬಾಣ ಹೊರಗೆ ಬರಲಿ



ನಾಲ್ಕನೇ ತರಗತಿಯಲ್ಲಿ ಶಾಲೆಯ ನೀರಿನ ಕೊಡ ಮುಟ್ಟಿದೆನೆಂದು ಮೇಷ್ಟ್ರೊಬ್ಬರು ನನ್ನನ್ನು ಎಲ್ಲರೆದುರು ಬೆತ್ತದಲ್ಲಿ ಹೊಡೆದರು. ಕೊಡದ ನೀರನ್ನು ಅಂಗಳಕ್ಕೆ ಚೆಲ್ಲಿಸಿದರು. ಮೂವತ್ತೈದು ವರ್ಷವಾಯಿತು. ಈಗ ನಾನೇ ಮೇಷ್ಟ್ರು. ಆದರೂ ಮಕ್ಕಳು ನೀರಿಗೆ ಸಾಲು ನಿಂತಾಗ ಲೋಟದ ಸದ್ದು ಕೇಳಿದರೆ ಅಂಗೈ ಬೆವರುತ್ತದೆ. ಆನಾಪಾನಸತಿಗೆ ಕಣ್ಣು ಮುಚ್ಚಿದರೆ ಕೆಲವು ದಿನ ಉಸಿರಿಗಿಂತ ಮೊದಲು ಆ ಬೆತ್ತವೇ ಬರುತ್ತದೆ.

ಇದು ನನ್ನ ದೌರ್ಬಲ್ಯ ಎಂದುಕೊಂಡು ಸುಮ್ಮನಿದ್ದೆ. ಆದರೆ ಬಾಬಾಸಾಹೇಬರ ಬರಹ ನೆನಪಾಯಿತು. ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದು ಬರೋಡಾದಲ್ಲಿ ನೌಕರಿಗೆ ಸೇರಿದಾಗ, ಅವರು ತಂಗಿದ್ದ ಪಾರ್ಸಿ ವಸತಿಗೃಹಕ್ಕೆ ಕೋಲು ಹಿಡಿದ ಗುಂಪೊಂದು ನುಗ್ಗಿ ಅವರನ್ನು ಖಾಲಿ ಮಾಡಿಸಿತು. ಹದಿನೆಂಟು ವರ್ಷ ಕಳೆದರೂ ಆ ದೃಶ್ಯ ಮಾಸಿಲ್ಲ, ನೆನೆದಾಗಲೆಲ್ಲ ಕಣ್ಣು ತುಂಬುತ್ತದೆ ಎಂದು ಅವರೇ ಬರೆದಿದ್ದಾರೆ. ಅವರಿಗಿಂತ ಗಟ್ಟಿ ಮನಸ್ಸು ಯಾರದು? ಗಾಯ ಉಳಿಯುವುದು ಹೇಡಿತನವಲ್ಲ. ಪೂರ್ವಜನ್ಮದ ಕರ್ಮವಂತೂ ಅಲ್ಲವೇ ಅಲ್ಲ.

ಈಚೆಗೆ ವೈದ್ಯರೊಬ್ಬರು ನನಗೆ ಇಎಂಡಿಆರ್ ಎಂಬ ಚಿಕಿತ್ಸೆಯ ಬಗ್ಗೆ ಹೇಳಿದರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಾಪಿರೋ 1987ರಲ್ಲಿ ಕಂಡುಕೊಂಡದ್ದು. ನೋವಿನ ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಎಡಕ್ಕೂ ಬಲಕ್ಕೂ ಆಡುವ ಚಿಕಿತ್ಸಕರ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಇದು ವಶೀಕರಣವಲ್ಲ. ಎಚ್ಚರವಾಗಿಯೇ ಇರುತ್ತೇವೆ, ಬೇಕೆಂದಾಗ ನಿಲ್ಲಿಸಬಹುದು. ಎಂಟು ಹಂತಗಳಿವೆ. ಮೊದಲು ಮನಸ್ಸನ್ನು ಸ್ಥಿರಗೊಳಿಸಿ, ಆಮೇಲೆಯೇ ನೆನಪನ್ನು ಮುಟ್ಟುತ್ತಾರೆ. ಹಾಗಾಗಿ ತರಬೇತಾದವರ ಬಳಿಯೇ ಹೋಗಬೇಕು. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡುವುದಲ್ಲ. ಆಘಾತದ ನಂತರದ ಮಾನಸಿಕ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಇದನ್ನು ಶಿಫಾರಸು ಮಾಡಿದೆ. ಕಣ್ಣಿನ ಚಲನೆ ಹೇಗೆ ಕೆಲಸ ಮಾಡುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದೇ ಇದೆ. ಮನಸ್ಸು ಒಂದೇ ಸಲ ಎರಡು ಕೆಲಸ ಮಾಡುವಾಗ ನೆನಪಿನ ತೀವ್ರತೆ ತಗ್ಗುತ್ತದೆ ಎಂಬುದು ಒಂದು ವಿವರಣೆ. ನೆನಪು ಅಳಿಯುವುದಿಲ್ಲ, ಅದರ ಉರಿ ಇಳಿಯುತ್ತದೆ.

ನನ್ನ ಹಿಂಜರಿಕೆ ಇಲ್ಲೇ ಇತ್ತು. ಉರಿ ಇಳಿದರೆ ಹೊಡೆದವರನ್ನು ಕ್ಷಮಿಸಿಬಿಟ್ಟಂತೆ ಆಗುವುದಿಲ್ಲವೇ? ಹೋರಾಟದ ಕಿಚ್ಚು ಆರುವುದಿಲ್ಲವೇ?

ಚೂಳಮಾಲುಂಕ್ಯ ಸುತ್ತದಲ್ಲಿ ಬುದ್ಧರು ವಿಷದ ಬಾಣ ನಾಟಿದವನ ದೃಷ್ಟಾಂತ ಹೇಳುತ್ತಾರೆ. ಬಿಟ್ಟವನು ಯಾರು, ಅವನ ಊರು ಯಾವುದು ಎಂದು ತಿಳಿಯುವವರೆಗೆ ಬಾಣ ಕೀಳಬೇಡಿ ಎಂದರೆ ಅವನು ಸಾಯುತ್ತಾನೆ. ಗಮನಿಸಿ: ಲೋಕ ಶಾಶ್ವತವೋ ಅಲ್ಲವೋ ಎಂಬಂಥ ಪ್ರಶ್ನೆಗಳಿಗೆ ಉತ್ತರವಾಗಿ ಹೇಳಿದ ಮಾತಿದು. ಅನ್ಯಾಯ ಮಾಡಿದವರನ್ನು ಪ್ರಶ್ನಿಸಬೇಡಿ ಎಂದು ಇದರ ಅರ್ಥವಲ್ಲ. ಬಾಣ ಬಿಟ್ಟವರು ಯಾರೆಂದು ನಾವು ಕೇಳಿಯೇ ಕೇಳುತ್ತೇವೆ, ಸಂವಿಧಾನದ ಬಲದಿಂದ ಕೇಳುತ್ತೇವೆ. ಆದರೆ ಬಾಣವನ್ನು ಎದೆಯಲ್ಲೇ ಇಟ್ಟುಕೊಂಡು ಕೇಳಬೇಕಾಗಿಲ್ಲ. ನಡುಗುವ ಕೈಗಿಂತ ವಾಸಿಯಾದ ಕೈ ಹೆಚ್ಚು ಕಾಲ ಬಾವುಟ ಹಿಡಿಯುತ್ತದೆ.

ಚಿಕಿತ್ಸೆ ಪಡೆದರೆ ಧ್ಯಾನ ಸೋತಿತು ಎಂದಲ್ಲ. ಕಾಲು ಮುರಿದರೆ ಆಸ್ಪತ್ರೆಗೆ ಹೋಗುತ್ತೇವೆ, ವಿಹಾರಕ್ಕೂ ಹೋಗುತ್ತೇವೆ. ಬರುವ ಶನಿವಾರ ನನ್ನ ಮೊದಲ ಭೇಟಿ. ಏಹಿಪಸ್ಸಿಕೋ ಎನ್ನುತ್ತದೆ ಧಮ್ಮ: ಬಾ, ನೀನೇ ನೋಡು. ಹಾಗೆಯೇ ಹೋಗುತ್ತಿದ್ದೇನೆ. ಫಲ ಸಿಕ್ಕರೂ ಸಿಗದಿದ್ದರೂ ನಿಮಗೆ ನಿಜ ಹೇಳುತ್ತೇನೆ.

ಇಂದಿನ ಅಭ್ಯಾಸ: ಮನೆಯಲ್ಲಿ ಇಂಥ ಗಾಯ ಹೊತ್ತು ಮೌನವಾಗಿರುವ ಒಬ್ಬರ ಪಕ್ಕ ಸ್ವಲ್ಪ ಹೊತ್ತು ಕೂರೋಣ. 'ಮರೆತುಬಿಡು' ಎನ್ನದೆ ಕೇಳಿಸಿಕೊಳ್ಳೋಣ. ಮಾತಾಡಲು ಯಾರೂ ಇಲ್ಲದವರಿಗೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ಕನ್ನಡದಲ್ಲೇ ಮಾತಾಡಬಹುದು.

ಭವತು ಸಬ್ಬ ಮಂಗಲಂ. ಜೈ ಭೀಮ್.