ಸಾಕು ಎನ್ನುವ ಮಾತು

ವೃಷಣದ ಕ್ಯಾನ್ಸರ್ ಎಂದು ಗೊತ್ತಾದಾಗ ನನ್ನ ಅಣ್ಣನ ಮಗನಿಗೆ ಇಪ್ಪತ್ತಮೂರು ವರ್ಷ. ನಾಚಿಕೆಯಿಂದ ಮೂರು ತಿಂಗಳು ಗಂಟನ್ನು ಮುಚ್ಚಿಟ್ಟಿದ್ದ. ಆಪರೇಷನ್ ಆಯಿತು. ಆದರೆ ರೋಗ ಹೊಟ್ಟೆಯೊಳಗಿನ ಗ್ರಂಥಿಗಳಿಗೂ ಹರಡಿತ್ತು. ಕಿಮೋಥೆರಪಿ ಮೂರು ಸುತ್ತು ಸಾಕು ಎಂದರು ಡಾಕ್ಟರು.

ಮೂರನೆಯದು ಮುಗಿದ ದಿನ ಅತ್ತಿಗೆ, "ಇನ್ನೊಂದು ಕೊಟ್ಟುಬಿಡಲಿ ಅಂತ ನೀನಾದರೂ ಹೇಳೇ. ದುಡ್ಡು ಹೋದರೆ ಹೋಗಲಿ" ಎಂದರು. ನನಗೂ ಹಾಗೇ ಅನ್ನಿಸಿತ್ತು. ಬೇಡವೆಂದರೂ ಇನ್ನೊಂದು ಸೌಟು ಬಡಿಸುವ ಕೈ ನಮ್ಮದು. ಬಕೆಟ್ಟಿನ ಮುಂದೆ ಬಗ್ಗಿ ಕೂತಿದ್ದ ಹುಡುಗನನ್ನು ಯಾರೂ ಕೇಳಲಿಲ್ಲ.

ಡಾಕ್ಟರು ಬೇಸರಿಸದೆ ವಿವರಿಸಿದರು. ಹಿಂದೆ, ಹರಡಿದ ಈ ರೋಗದಿಂದ ಬದುಕುಳಿದವರೇ ಕಡಿಮೆ. 1974ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಲಾರೆನ್ಸ್ ಐನ್‌ಹಾರ್ನ್ ಅವರು ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಬೇರೆ ಎರಡರ ಜೊತೆ ಕೊಡತೊಡಗಿದ ಮೇಲೆ ಹೆಚ್ಚಿನವರು ಗುಣವಾದರು. ಆದರೆ ವಾಂತಿ ಭಯಂಕರ. ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು. ಕಡಿಮೆ ಕೊಟ್ಟರೆ ಸಾಲದೆ ಎಂದು ಸಂಶೋಧಕರು ಕೇಳಿಕೊಂಡರು. ರೋಗ ಹರಡಿದ್ದರೂ ಗುಣವಾಗುವ ಭರವಸೆಯಿದ್ದ 184 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಾಲ್ಕು ಸುತ್ತು, ಇನ್ನೊಂದಕ್ಕೆ ಮೂರು ಸುತ್ತು ಕೊಟ್ಟರು. 1989ರಲ್ಲಿ ವರದಿ ಬಂತು: ಎರಡೂ ಗುಂಪು ಸಮಸಮ.

ಕಡಿಮೆ ಮಾಡಿದ್ದೆಲ್ಲ ಒಳಿತಾಗಲಿಲ್ಲ. ಬ್ಲಿಯೋಮೈಸಿನ್ ಎಂಬ ಜೊತೆ ಔಷಧ ಶ್ವಾಸಕೋಶಕ್ಕೆ ಕೆಡುಕೆಂದು ಅದನ್ನು ಬಿಟ್ಟು ನೋಡಿದ ಪ್ರಯೋಗವೂ ನಡೆಯಿತು. ಮೂರು ಸುತ್ತಿನಲ್ಲಿ ಅದನ್ನು ಬಿಟ್ಟವರಲ್ಲಿ ರೋಗ ಹೆಚ್ಚು ಮಂದಿಯನ್ನು ಕಾಡಿತೆಂದು 1995ರ ವರದಿ ಹೇಳಿತು. ಸಾವೂ ಹೆಚ್ಚು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹುಡುಗರಿಗೂ ತಾಯಂದಿರಿದ್ದರಲ್ಲವೆ? ಯಾವಳದೋ ಮಗನಿಗೆ ಕಡಿಮೆ ಬಿದ್ದದ್ದರಿಂದ ನಮ್ಮವನಿಗೆ ಎಷ್ಟು ಬೇಕೆಂದು ತಿಳಿಯಿತು. ಇದು ನ್ಯಾಯವೆ? ಅವರು ಒಪ್ಪಿಯೇ ಸೇರಿದ್ದರು ಎನ್ನುವುದು ಅರ್ಧ ಉತ್ತರ. ಹಾಗೆ ಯಾರೂ ಒಪ್ಪದಿದ್ದರೆ, ಬೇಕೋ ಬೇಡವೋ, ಎಲ್ಲರ ಮಕ್ಕಳೂ ನಾಲ್ಕನ್ನೇ ಉಣ್ಣಬೇಕಿತ್ತು. ಉಳಿದರ್ಧ ನನಗೆ ಇಂದಿಗೂ ಸಿಕ್ಕಿಲ್ಲ.

ಒಂದು ಮಾತ್ರ ತಿಳಿಯಿತು. ಇನ್ನೊಂದು ಸುತ್ತು ನಾವು ಕೇಳಿದ್ದು ಅವನಿಗಾಗಿ ಅಲ್ಲ, ನಮ್ಮ ನೆಮ್ಮದಿಗಾಗಿ. ನಮ್ಮ ಭಯದ ಬೆಲೆಯನ್ನು ಅವನ ಮೈ ತೆರಬೇಕಿತ್ತು. ಪ್ರೀತಿ ಎಂದು ನಾವು ಬಡಿಸುವುದರಲ್ಲಿ ಇಂಥದ್ದು ಎಷ್ಟಿದೆಯೋ.

ಬೆಳಿಗ್ಗೆ ಅತ್ತಿಗೆಗೆ ಇಷ್ಟನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನ ಹತ್ತಿರ ಹೋಗಿ, "ನಿನಗೇನು ಅನ್ನಿಸುತ್ತೋ?" ಎಂದು ಕೇಳಿದರು.

"ಸಾಕಮ್ಮ" ಎಂದ.