ಕೊಡಲಿಯ ಲೆಕ್ಕ

ಒಬ್ಬ ಮನುಷ್ಯನ ಮನಸ್ಸಿನ ಒಳಗೆಲ್ಲ ತಿರುಗಾಡಿ ಬಂದ ಮೇಲೆ ಅವನನ್ನು ತಪ್ಪಿತಸ್ಥನೆಂದು ಹೇಳಲು ನಾಲಿಗೆ ಏಳುತ್ತದೆಯೆ? ದಾಸ್ತೋಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು ಓದಿದವರಿಗೆಲ್ಲ ಈ ಸಂಕಟ ಗೊತ್ತು. ಆದರೆ ಕೊಳ್ಳೇಗಾಲದ ಹೈಸ್ಕೂಲು ಹುಡುಗರು ಅದನ್ನು ಎತ್ತಿಕೊಂಡು ಜಗಳವಾಡಿದ ರೀತಿಯನ್ನು ಕಂಡಾಗ, ಈ ಪ್ರಶ್ನೆಗೆ ನಾನು ನೋಡದೆ ಬಿಟ್ಟಿದ್ದ ಇನ್ನೊಂದು ಬಾಗಿಲಿದೆಯೆಂದು ತಿಳಿಯಿತು. ಹನೂರಿನ ಕಡೆಯಿಂದ, ಯಳಂದೂರಿನಿಂದ ಬಂದ ಮಕ್ಕಳೂ ಆ ಗುಂಪಿನಲ್ಲಿದ್ದರು. ಮೂರು ಸಂಜೆ ಕೂತು ನಾನು ಕಥೆ ಹೇಳಿದ್ದೆ.

1866ರಲ್ಲಿ ಪತ್ರಿಕೆಯೊಂದರಲ್ಲಿ ಕಂತು ಕಂತಾಗಿ ಬಂದ ಕಾದಂಬರಿ ಅದು. ನಾಯಕ ರಸ್ಕೋಲ್ನಿಕೋವ್ ಬಡತನದಿಂದ ಓದು ಬಿಟ್ಟ ವಿದ್ಯಾರ್ಥಿ. ಗಿರವಿ ಹಿಡಿದು ಸಾಲ ಕೊಡುವ ಮುದುಕಿ ಅಲ್ಯೋನಾ ಇವಾನೋವ್ನಾ. ಒಡವೆಯ ಬೆಲೆಯ ಕಾಲುಭಾಗ ಕೊಟ್ಟು, ತಿಂಗಳಿಗೆ ನೂರಕ್ಕೆ 5, ಒಮ್ಮೊಮ್ಮೆ 7 ಬಡ್ಡಿ ಎಳೆಯುವವಳು. ಅವಳೊಬ್ಬಳು ಸತ್ತು ಆ ಹಣ ನೂರು ಮಂದಿಯ ಬದುಕಿಗೆ ಒದಗಿದರೆ ಅದು ಪಾಪವೆ? ಹೋಟಲೊಂದರಲ್ಲಿ ಯಾರೋ ಆಡಿದ ಈ ಮಾತು ಅವನ ತಲೆಯಲ್ಲಿ ಆಗಲೇ ಮೊಳೆತಿದ್ದ ಬೀಜಕ್ಕೆ ನೀರೆರೆಯುತ್ತದೆ. ನೆಪೋಲಿಯನ್ನನಂಥ ಅಸಾಮಾನ್ಯರಿಗೆ ರಕ್ತದ ಗೆರೆ ದಾಟುವ ಹಕ್ಕುಂಟು ಎಂಬುದು ಅವನ ಸಿದ್ಧಾಂತ. ಕೊಡಲಿ ಹಿಡಿದು ಹೋಗುತ್ತಾನೆ. ಆದರೆ ಅದೇ ಮನುಷ್ಯ, ಕುಡುಕ ಮಾರ್ಮೆಲಾದೊವ್ ಗಾಡಿಗೆ ಸಿಕ್ಕಿ ಸತ್ತಾಗ, ಊರಿನಿಂದ ತಾಯಿ ಕಳಿಸಿದ್ದ ಹಣವನ್ನು ಅವನ ಹೆಂಡತಿಯ ಕೈಗಿಟ್ಟು ಬರುತ್ತಾನೆ. ಬೆಂಕಿಬಿದ್ದ ಮನೆಯಿಂದ ಎರಡು ಮಕ್ಕಳನ್ನು ಎತ್ತಿ ತಂದವನೂ ಅವನೇ.

‘ಆ ಮುದ್ಕಿ ಸತ್ರೆ ಯಾರ್ಗ ನಷ್ಟ ಸಾ?’ ಎಂದ ಒಬ್ಬ. ರೇಷ್ಮೆ ನೇಯುವವರ ಮನೆಯ ಹುಡುಗ. ಗಿರವಿ ಅಂಗಡಿಯ ಮೆಟ್ಟಿಲು ಹತ್ತುವ ತಾಯಿಯ ಮುಖ ನೋಡಿ ಬೆಳೆದವನಿಗೆ ಪೀಟರ್ಸ್‌ಬರ್ಗು ದೂರದ ಊರಲ್ಲ. ಅವನ ಮಾತನ್ನು ಕ್ರೂರವೆಂದು ತಳ್ಳಿಹಾಕುವುದು ಸುಲಭ, ನನಗದು ಒಪ್ಪಿಗೆಯಿಲ್ಲ. ಅನ್ಯಾಯವನ್ನು ಕಣ್ಣಾರೆ ಕಂಡವನ ಮಾತು ಅದು. ಎಷ್ಟಾದರೂ, ರಸ್ಕೋಲ್ನಿಕೋವನ ಸಿಟ್ಟೂ ಪೂರಾ ಸುಳ್ಳಲ್ಲ.

ಉತ್ತರ ಬಂದದ್ದು ಹನೂರಿನ ಕಡೆಯ ಹುಡುಗನಿಂದ. ಅವನು ಪುಸ್ತಕದ ಮಾತು ಬಿಟ್ಟು ಗೋಪಿನಾಥಂ ಎಂದ. ಆ ಭಾಗದಲ್ಲಿ ವೀರಪ್ಪನ್ನನ ಕಥೆ ಕೇಳದ ಮನೆಯಿಲ್ಲ. ಬಡವರಿಗೆ ಕೊಟ್ಟ, ಕಾಡಿನ ರಾಜ ಎಂಬ ಮಾತು ಅವನು 2004ರಲ್ಲಿ ಸತ್ತ ಮೇಲೂ ಸತ್ತಿಲ್ಲ. ಅದೇ ಗೋಪಿನಾಥಂನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಜನರಿಗೆ ಮನೆಗಳನ್ನು, ಮಾರಿಯಮ್ಮನಿಗೆ ಗುಡಿಯನ್ನು ಕಟ್ಟಿಸಿಕೊಟ್ಟರು. ಶರಣಾಗುತ್ತೇನೆಂಬ ಮಾತನ್ನು ನಂಬಿ ಆಯುಧವಿಲ್ಲದೆ ಕಾಡಿಗೆ ಹೋದವರನ್ನು 1991ರ ನವೆಂಬರಿನಲ್ಲಿ ಕೊಂದರು. ‘ವೀರಪ್ಪನ್ ಕಥ ಎಲ್ರಿಗೂ ಗೊತ್ತು, ಶ್ರೀನಿವಾಸ್ ಕಥ ಕೇಳಿದ್ರೆ ಅರ್ಧ ಜನಕ್ಕ ಬರಲ್ಲ’ ಎಂದ ಆ ಹುಡುಗ. ಕೊಂದವನ ಸುತ್ತ ಕಥೆ ಬೆಳೆಯುತ್ತದೆ, ಸತ್ತವನ ಸುತ್ತ ಬೆಳೆಯುವುದಿಲ್ಲ ಎಂಬುದು ಅವನ ದೂರು.

ಇಷ್ಟಾದರೂ ಯಾರೂ ಆಡದ ಒಂದು ಹೆಸರಿತ್ತು. ‘ತಂಗಿ ಏನ್ ಮಾಡಿದ್ಲು ಸಾ?’ ಎಂದು ಯಳಂದೂರಿನ ಹುಡುಗಿಯೊಬ್ಬಳು ಕೇಳಿದಾಗ ಎಲ್ಲರೂ ಸುಮ್ಮನಾದರು.

ಮುದುಕಿಗೆ ಲಿಜಾವೆತಾ ಎಂಬ ಮಲತಂಗಿ. ಅಕ್ಕನ ಹೊಡೆತ ತಿಂದುಕೊಂಡು ಹಗಲಿರುಳು ದುಡಿಯುವ ಸಾಧು ಹೆಂಗಸು. ಅನಿರೀಕ್ಷಿತವಾಗಿ ಒಳಗೆ ಬಂದು, ಹೆಣವನ್ನು ಕಂಡು ನಿಂತವಳ ಮೇಲೂ ಕೊಡಲಿ ಬೀಳುತ್ತದೆ. ಒಂದಕ್ಕೆ ನೂರು ಎಂಬ ಲೆಕ್ಕದಲ್ಲಿ ಇವಳಿರಲಿಲ್ಲ. ನೂರು ಮಂದಿಯ ಕಡೆ ಸೇರಬೇಕಾಗಿದ್ದವಳು ಇವಳು. ಮುಂದೊಮ್ಮೆ ರಸ್ಕೋಲ್ನಿಕೋವನೇ ತಾನು ಅವಳನ್ನು ನೆನೆಯುವುದೇ ಇಲ್ಲವಲ್ಲ ಎಂದು ಬೆರಗಾಗುತ್ತಾನೆ. ಓದುಗರೂ ನೆನೆಯುವುದಿಲ್ಲ. ನೂರಾರು ಪುಟ ನಾವು ಅವನ ಜ್ವರದಲ್ಲಿ ಬೆಂದಿರುತ್ತೇವೆ, ಅವನ ಹಸಿವು ನಮ್ಮ ಹಸಿವಾಗಿರುತ್ತದೆ. ಆ ಸಾಮೀಪ್ಯವನ್ನೇ ನಾವು ತೀರ್ಪೆಂದು ತಿಳಿಯುತ್ತೇವೆ. ಅವನ ಮೇಲೆ ಮರುಕ ಹುಟ್ಟಲಿ, ಬೇಡವೆನ್ನುವುದಿಲ್ಲ. ಅರ್ಥಮಾಡಿಕೊಳ್ಳುವುದು ಒಂದು, ಮನ್ನಿಸುವುದು ಮತ್ತೊಂದು. ಮನ್ನಿಸುವ ಅಧಿಕಾರವಿದ್ದವಳು ಸತ್ತು ಬಿದ್ದಿದ್ದಾಳೆ.

ಆ ಹುಡುಗಿ ಯಳಂದೂರಿನವಳಾದದ್ದು ನನಗೆ ಒಂದು ನೆನಪನ್ನು ತಂದಿತು. ಷಡಕ್ಷರದೇವ ಬಾಳಿದ ಊರು ಅದು. ಅವನ 17ನೆಯ ಶತಮಾನದ ‘ರಾಜಶೇಖರ ವಿಳಾಸ’ದಲ್ಲಿ ಅರಸುಮಗನ ಸವಾರಿಯ ಭರದಲ್ಲಿ ಕುದುರೆಯ ಕಾಲಡಿ ಸಿಕ್ಕಿ ಒಂದು ಕೂಸು ಸಾಯುತ್ತದೆ. ತಾಯಿ ತಿರುಕೊಳವಿನಾಚಿ ಅರಮನೆಗೆ ಬಂದು ನ್ಯಾಯ ಕೇಳುತ್ತಾಳೆ. ಸತ್ಯೇಂದ್ರಚೋಳ ತನ್ನ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಇದು ಬೇಕೆಂದು ಮಾಡಿದ ಕೊಲೆಯಲ್ಲ, ರಾಜಕುಮಾರ ಕೆಟ್ಟವನೂ ಅಲ್ಲ. ಆದರೆ ಕವಿ ಅವನ ಒಳ್ಳೆಯತನವನ್ನು ತಕ್ಕಡಿಗೆ ಹಾಕುವ ಮೊದಲು ತಾಯಿಯನ್ನು ಅಳಲು ಬಿಡುತ್ತಾನೆ. ಆ ಅಳುವೇ ಕಾವ್ಯದಲ್ಲಿ ಜನ ನೆನಪಿಟ್ಟುಕೊಂಡ ಭಾಗ. ಕೊನೆಗೆ ಶಿವ ಬಂದು ಸತ್ತವರನ್ನು ಎಬ್ಬಿಸುತ್ತಾನೆ.

ರಷ್ಯದ ಕಥೆಯಲ್ಲೂ ಸತ್ತವನೊಬ್ಬ ಏಳುತ್ತಾನೆ, ಆದರೆ ಪುಸ್ತಕದೊಳಗೆ. ಲಾಜರಸ್ ಸಮಾಧಿಯಿಂದ ಎದ್ದ ಕಥೆಯನ್ನು ಸೋನ್ಯಾ ಆ ಕೊಲೆಗಾರನಿಗೆ ನಡುಗುವ ದನಿಯಲ್ಲಿ ಓದಿ ಹೇಳುತ್ತಾಳೆ. ಸೈಬೀರಿಯದ 8 ವರ್ಷದ ಸೆರೆಯಲ್ಲೂ ಅವನು ಬಹುಕಾಲ ಪಶ್ಚಾತ್ತಾಪ ಪಡುವುದಿಲ್ಲ. ಬಹಳ ತಡವಾಗಿ ಏನೋ ಕರಗುತ್ತದೆ. ಆಗಲೂ ಅವನ ತಲೆದಿಂಬಿನ ಕೆಳಗಿರುವುದು ಅದೇ ಹಳೆಯ ಪುಸ್ತಕ. ಅದನ್ನು ಸೋನ್ಯಾಳಿಗೆ ತಂದುಕೊಟ್ಟಿದ್ದವಳು ಲಿಜಾವೆತಾ.

ಇದನ್ನು ಹೇಳಿದಾಗ ನೇಕಾರರ ಮನೆಯ ಹುಡುಗ, ‘ಅವ್ನಿಗ ಅದು ಗೊತ್ತಿತ್ತಾ ಸಾ?’ ಎಂದ. ಗೊತ್ತಿತ್ತು ಎಂದೆ. ಸೋನ್ಯಾಳೇ ಹೇಳಿದ್ದಳು.