ಬೀಜದ ಒಡೆತನ ಮತ್ತು ಬಳ್ಳಿಗಾವೆಯ ತರ್ಕ

ಹೊಸ ತಳಿಯೊಂದನ್ನು ರೂಪಿಸುವವನು ಹಿಂದೆ ಇಲ್ಲದಿದ್ದ ವಸ್ತುವನ್ನು ಸೃಷ್ಟಿಸುತ್ತಾನೆಯೇ, ಅಥವಾ ಬೀಜದೊಳಗೆ ಅಡಗಿದ್ದುದನ್ನೇ ಹೊರಗೆ ತರುತ್ತಾನೆಯೇ ಎಂಬ ಪ್ರಶ್ನೆ ಭಾರತದ ಬೀಜೋದ್ಯಮದ ಕಾನೂನಿಗೂ ವ್ಯಾಪಾರಕ್ಕೂ ತಳಹದಿಯಾಗಿದ್ದರೂ, ಅದನ್ನು ದರ್ಶನದ ಪ್ರಶ್ನೆಯೆಂದು ಎತ್ತಿಕೊಂಡವರು ವಿರಳ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು, ಅಲ್ಲಿ ವೇದಗಳ ಜೊತೆಗೆ ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು ಹೇಳುತ್ತದೆ. ಸೃಷ್ಟಿಸುವುದೋ ಅಡಗಿದ್ದುದನ್ನು ಹೊರತರುವುದೋ ಎಂಬ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಎರಡು ಉತ್ತರಗಳು ಆ ಮಠದ ಪಾಠದ ಪಟ್ಟಿಯಲ್ಲಿಯೇ ಇದ್ದವು.

ಸಾಂಖ್ಯರ ಸತ್ಕಾರ್ಯವಾದ, ಅಂದರೆ ಕಾರ್ಯವು ಹುಟ್ಟುವ ಮುನ್ನವೇ ತನ್ನ ಕಾರಣದಲ್ಲಿ ಇರುತ್ತದೆ ಎಂಬ ಮತ, ಎಳ್ಳಿನಿಂದ ಎಣ್ಣೆ ಬರುತ್ತದೆಯೇ ಹೊರತು ಮರಳಿನಿಂದ ಬರುವುದಿಲ್ಲ ಎಂಬುದನ್ನು ಆಧಾರವಾಗಿ ತೋರಿಸುತ್ತದೆ. ನ್ಯಾಯ-ವೈಶೇಷಿಕರ ಅಸತ್ಕಾರ್ಯವಾದವು ಇದನ್ನು ಒಪ್ಪದೆ, ಕಾರ್ಯವು ಹುಟ್ಟುವ ಮುನ್ನ ಇರಲಿಲ್ಲವೆಂದೂ ಕಾರಣಗಳು ಕೂಡಿದಾಗ ಅದು ಹೊಸದಾಗಿ ಆರಂಭವಾಗುತ್ತದೆಂದೂ ಸಾಧಿಸುತ್ತದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಹೊಸ ತಳಿಯ ಮೇಲಿನ ಹಕ್ಕಿಗೆ ನವೀನತೆ, ಭಿನ್ನತೆ, ಏಕರೂಪತೆ, ಸ್ಥಿರತೆ ಎಂಬ ನಾಲ್ಕು ಗುಣಗಳನ್ನು ಕೇಳುವುದರಿಂದ, ಅದು ನೈಯಾಯಿಕರ ಪಕ್ಷವನ್ನು ಹಿಡಿದಂತೆ ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಆ ಕಾಯ್ದೆಯಲ್ಲಿ ನವೀನತೆಯೆಂದರೆ ತಳಿಯು ನಿಗದಿತ ಅವಧಿಗೆ ಮುಂಚೆ ಮಾರಾಟವಾಗಿರಬಾರದು ಎಂಬಷ್ಟೇ ಅರ್ಥ. ಅದು ಮಾರುಕಟ್ಟೆಗೆ ಹೊಸದೇ ಎಂದು ಕೇಳುತ್ತದೆ, ಲೋಕಕ್ಕೆ ಹೊಸದೇ ಎಂದು ಕೇಳುವುದಿಲ್ಲ. ಬಳ್ಳಿಗಾವೆಯ ಪಂಡಿತರು ಇಷ್ಟು ಸುಲಭವಾಗಿ ವಾದವನ್ನು ಮುಗಿಸಲು ಬಿಡುತ್ತಿರಲಿಲ್ಲ.

ಈ ಸೀಮೆಯದೇ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಸೊರಬ, ಶಿಕಾರಿಪುರ, ಸಾಗರದ ಕಡೆ ಬೆಳೆಯುವ ಕೆಂಪಕ್ಕಿ ಭತ್ತಕ್ಕೆ ಬೆಂಕಿರೋಗದ ಕಾಟ ಹೆಚ್ಚಿದಾಗ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಜ್ಯೋತಿ ಮತ್ತು ಅಕ್ಕಳು ಎಂಬ ಭತ್ತಗಳನ್ನು ಕೂಡಿಸಿ ‘ಸಹ್ಯಾದ್ರಿ ಮೇಘ’ ತಳಿಯನ್ನು ರೂಪಿಸಿತು. ಜ್ಯೋತಿಯಾದರೋ ಕೇರಳದ ಪಟ್ಟಾಂಬಿಯಲ್ಲಿ ಪಿಟಿಬಿ-10 ಮತ್ತು ಐಆರ್-8 ತಳಿಗಳ ಸಂಕರದಿಂದ ಬಂದದ್ದು. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಬಿಡುಗಡೆ ಮಾಡಿದ ಐಆರ್-8ಕ್ಕೆ ಇಂಡೊನೇಷ್ಯಾದ ಪೇಟಾ ಮತ್ತು ತೈವಾನಿನ ಗಿಡ್ಡ ತಳಿಯೊಂದು ತಂದೆತಾಯಿಗಳು. ಇನ್ನೂ ಹಿಂದೆ ಹಿಂದೆ ಹೋದರೆ ಕೊನೆಗೆ ಸಿಗುವುದು ಹೆಸರು ಉಳಿಯದ ರೈತರು. ಬೀಜ ಮೊದಲೋ ಮೊಳಕೆ ಮೊದಲೋ ಎಂದು ನಿರ್ಣಯಿಸಲಾಗದ ಅನಾದಿ ಪರಂಪರೆಯನ್ನು ಶಾಸ್ತ್ರಗಳು ಬೀಜಾಂಕುರ ನ್ಯಾಯವೆಂದು ಕರೆಯುತ್ತವೆ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಸಂಸಾರಕ್ಕೆ ಆದಿಯಿಲ್ಲವೆಂಬುದನ್ನು ಸಮರ್ಥಿಸಲು ಅದನ್ನೇ ದೃಷ್ಟಾಂತವಾಗಿ ಬಳಸಿದರು. ಆದಿಯೇ ಇಲ್ಲದ ಸರಣಿಗೆ ಮೊದಲ ಒಡೆಯನೂ ಇರಲಾರನು.

ಹಾಗೆಂದು ತಳಿಗಾರನ ಪಾಲು ಶೂನ್ಯವೆನ್ನುವುದು ಅನ್ಯಾಯ. ನೂರಾರು ಸಾಲುಗಳಲ್ಲಿ ರೋಗ ತಡೆಯುವ ಗಿಡವನ್ನು ಗುರುತಿಸಿ, ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋಗುವ ಕೆಲಸಕ್ಕೆ ವರ್ಷಗಳೇ ಹಿಡಿಯುತ್ತವೆ. ಅಂಥ ದುಡಿಮೆಯನ್ನು ತೂಗುವ ಅಳತೆಗೋಲೂ ಈ ಸೀಮೆಯಲ್ಲೇ ಸಿಗುತ್ತದೆ. ಬಳ್ಳಿಗಾವೆಯ ಅಲ್ಲಮಪ್ರಭು, ಉಡುತಡಿಯ ಅಕ್ಕಮಹಾದೇವಿ ಸೇರಿಕೊಂಡ ಶರಣ ಚಳವಳಿಯು ಕಾಯಕ ಮತ್ತು ದಾಸೋಹ ಎಂಬ ಎರಡು ತತ್ತ್ವಗಳನ್ನು ಜೋಡಿಯಾಗಿ ಇಟ್ಟಿತು: ಕಾಯಕವೆಂದರೆ ತನ್ನ ದುಡಿಮೆಯಿಂದ ಬದುಕುವುದು, ದಾಸೋಹವೆಂದರೆ ಆ ದುಡಿಮೆಯ ಫಲವನ್ನು ಸಮುದಾಯಕ್ಕೆ ಸಲ್ಲಿಸುವುದು. ಕಾಯ್ದೆಯು ಬೆಳೆ ತಳಿಗಳಿಗೆ 15 ವರ್ಷಗಳ ಹಕ್ಕು ಕೊಟ್ಟು, 39ನೆಯ ಕಲಮಿನಲ್ಲಿ ರೈತರು ತಾವು ಬೆಳೆದ ಬೀಜವನ್ನು ಉಳಿಸಲು, ಮತ್ತೆ ಬಿತ್ತಲು, ವಿನಿಮಯ ಮಾಡಲು, ಬ್ರಾಂಡ್ ಹೆಸರಿಲ್ಲದೆ ಮಾರಲು ಅವಕಾಶವಿತ್ತಿರುವುದು ಈ ಜೋಡಿಗೆ ಬಹಳ ಹತ್ತಿರದ್ದು. ತಳಿಗಾರನ 15 ವರ್ಷಗಳ ಹಕ್ಕನ್ನು ಕಾಯಕದ ಕೂಲಿಯೆಂದು ಒಪ್ಪಬಹುದು, ವಂಶದ ಮೇಲಿನ ಒಡೆತನವೆಂದು ಒಪ್ಪಲಾಗದು.

ಬೀಜೋದ್ಯಮ ಬೆಳೆದದ್ದು ಮಾತ್ರ ಬೇರೆ ದಾರಿಯಲ್ಲಿ. 1963ರ ರಾಷ್ಟ್ರೀಯ ಬೀಜ ನಿಗಮ, 1966ರ ಬೀಜ ಕಾಯ್ದೆ, 1973ರ ಕರ್ನಾಟಕ ರಾಜ್ಯ ಬೀಜ ನಿಗಮಗಳ ಕಾಲದಲ್ಲಿ ಬೀಜ ಪೂರೈಕೆ ಬಹುಮಟ್ಟಿಗೆ ಸರ್ಕಾರದ ಹೊಣೆಯಾಗಿತ್ತು. 1988ರ ಹೊಸ ಬೀಜ ನೀತಿಯ ನಂತರ ಖಾಸಗಿ ಕಂಪನಿಗಳು ಬಲಗೊಂಡು, ಶಿಕಾರಿಪುರಕ್ಕೆ ಹತ್ತಿರದ ರಾಣೆಬೆನ್ನೂರು ಹೈಬ್ರಿಡ್ ಬೀಜೋತ್ಪಾದನೆಯ ದೊಡ್ಡ ಕೇಂದ್ರವಾಯಿತು. 1992ರ ಡಿಸೆಂಬರ್‌ನಲ್ಲಿ ರಾಜ್ಯ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟದ್ದು ಪೇಟೆಂಟ್ ಭಯದಿಂದ. ಆದರೆ ಈ ಸೀಮೆಯ ಹೊಲಗಳನ್ನು ಕಂಪನಿಗೆ ಕಟ್ಟಿಹಾಕಿದ್ದು ಪೇಟೆಂಟ್ ಅಲ್ಲ, ಹೈಬ್ರಿಡ್ ಮೆಕ್ಕೆಜೋಳದ ಸ್ವಭಾವ. ಭತ್ತವು ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಕಣಜದ ಬೀಜ ಮರುವರ್ಷವೂ ಅದೇ ಬೆಳೆ ಕೊಡುತ್ತದೆ; ಎರಡು ಶುದ್ಧ ಸಾಲುಗಳ ಸಂಕರದಿಂದ ಹುಟ್ಟಿದ ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನು ಮತ್ತೆ ಬಿತ್ತಿದರೆ ಗುಣಗಳು ಚದುರಿ ಇಳುವರಿ ಕುಸಿಯುತ್ತದೆ. ಕಾನೂನು ಕೊಟ್ಟ ಮರುಬಿತ್ತನೆಯ ಹಕ್ಕು ಇಲ್ಲಿ ಕಾಗದದ ಮೇಲೆ ಉಳಿಯುತ್ತದೆ. ಇದನ್ನು ಕಳ್ಳತನವೆನ್ನಲಾಗದು, ಏಕೆಂದರೆ ಹೆಚ್ಚಿನ ಇಳುವರಿಗಾಗಿ ರೈತನು ತಿಳಿದೇ ಪ್ಯಾಕೆಟ್ ಕೊಳ್ಳುತ್ತಾನೆ. ಆದರೂ ಪರಂಪರೆಯ ಎಳೆ ಪ್ರತಿವರ್ಷ ಅಂಗಡಿಯಲ್ಲಿ ಕಡಿದು ಅಂಗಡಿಯಲ್ಲೇ ಶುರುವಾಗುತ್ತದೆ. ಆ ಕಡಿತ ಹಬ್ಬದಲ್ಲೂ ಕಾಣುತ್ತದೆ. ಸೊರಬದ ದೀವರ ಸಮುದಾಯದ ಮನೆಗಳಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಎಡೆ ಹೊತ್ತು ನಡೆಸುವ ಭೂಮಿ ಹುಣ್ಣಿಮೆಯು ಹೊಡೆಯಾದ ಭತ್ತವನ್ನು ಬಸುರಿಯೆಂದು ಭಾವಿಸುವ ಆಚರಣೆ. ಮುಂಗಾರಿನ ಮೊದಲಿಗೆ ಬಿತ್ತಿದ ಮೆಕ್ಕೆಜೋಳವಾದರೋ ಆ ಹೊತ್ತಿಗೆ ಬಸುರಿನ ಹಂತ ದಾಟಿ ಕೊಯ್ಲಿಗೆ ಬಂದಿರುತ್ತದೆ.

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡು ಬೀಜ ಮಸೂದೆಯು ಪ್ಯಾಕೆಟ್ಟಿನ ಮೇಲಿನ ಕ್ಯೂಆರ್ ಸಂಕೇತದ ಮೂಲಕ ಬೀಜ ಎಲ್ಲಿಂದ ಬಂತೆಂದು ಪತ್ತೆಹಚ್ಚುವ ವ್ಯವಸ್ಥೆಯನ್ನು ಮುಂದಿಟ್ಟಿದೆ. ಕಳಪೆ ಬೀಜದ ಮಾರಾಟಗಾರನನ್ನು ಹಿಡಿಯಲು ಅದು ಬೇಕು, ಸರಿ. ಆದರೆ 2001ರ ಕಾಯ್ದೆಯಡಿ ತಳಿ ನೋಂದಾಯಿಸುವವರು ಮೂಲ ತಳಿಗಳ ವಿವರವನ್ನೂ ಅವು ದೊರೆತ ಸ್ಥಳವನ್ನೂ ಪ್ರಾಧಿಕಾರಕ್ಕೆ ಸಲ್ಲಿಸಲೇಬೇಕಾಗಿರುವಾಗ, ಆ ವಂಶಾವಳಿಯನ್ನು ಬೀಜ ಕೊಳ್ಳುವ ರೈತನಿಂದ ಮರೆಮಾಚಲು ತಾತ್ತ್ವಿಕವಾದ ಯಾವ ಸಮರ್ಥನೆಯೂ ಇಲ್ಲ. ಮಾರಾಟಗಾರನ ವಿಳಾಸ ಹೇಳುವ ಸಂಕೇತವೇ ಬೀಜದ ಪೂರ್ವಜರ ಊರನ್ನೂ ಹೇಳುವಂತೆ ಸಂಸತ್ತು ವಿಧಿಸಬೇಕು.